ತಾಮ್ರದ ತಂತಿಯ ಹುಳ

ಮಳೆ ಹಿಡಿದು ಮೂರು ದಿನ ಆಯ್ತು. ಕೊಳೆ ಔಷಧಿ ಎರಡನೇ ಸುತ್ತು ಹೊಡೆಸೋಣ ಅಂದ್ರೆ ಮಳೆ ಹೊಳವಾಗ್ತಿಲ್ಲ, ಮರ ಹತ್ತೋರೂ ಮನೇಲೇ ಕೂತಿದ್ದಾರೆ. ಹಾಗಾಗಿ ನಾನೂ ಜಗಲಿ ಮೇಲೆ ಕೂತು ಬರೀತಿದ್ದೀನಿ. ಈ ಸಲ ಅಡಿಕೆ ಧಾರಣೆ, ಹಂದಿ ಕಾಟ, ಎಲೆಚುಕ್ಕಿ ರೋಗ ಯಾವುದೂ ಅಲ್ಲ. ಒಂದು ಗಾಳದ ಚರಿತ್ರೆ. ಇವನಿಗೆ ಮಳೆಗಾಲದಲ್ಲಿ ತಲೆ ಕೆಟ್ಟಿದೆ ಅನ್ಕೋಬೇಡಿ. ಕೊನೆಗೆ ನಮ್ಮ ಹಳ್ಳಕ್ಕೇ ಬಂದು ಮುಟ್ಟುತ್ತೆ, ಪೂರ್ತಿ ಓದಿ.

ಬೇಸಿಗೇಲಿ ಪಕ್ಕದ ಊರಿನ ಹೋಂಸ್ಟೇಗೆ ಬಂದಿದ್ದ ಅತಿಥಿಯೊಬ್ಬರು ಟೋಪಿ ಮರೆತು ಹೋಗಿದ್ರು. ಅದರ ಪಟ್ಟಿಗೆ ಒಂದು ಸಣ್ಣ ಗಾಳ ಚುಚ್ಚಿತ್ತು. ನಾನು ಏನು ಸಿಕ್ಕರೂ ಬಿಚ್ಚಿ ನೋಡೋನು ಅಂತ ಊರಿಗೆಲ್ಲ ಗೊತ್ತಲ್ಲ, ಹೋಂಸ್ಟೇ ಹುಡುಗ ಅದನ್ನ ನನಗೇ ತಂದುಕೊಟ್ಟ. ಉದ್ದ ಅಂದ್ರೆ ಕಿರುಬೆರಳಿನ ಉಗುರಷ್ಟು. ಮೇಲೆ ಕಂದು ಬಣ್ಣದ ಪುಟ್ಟ ಹುಳದ ಆಕಾರ, ಹಿಂದೆ ಕೂದಲಿನಂಥ ಬಾಲ, ಎದೆ ಹತ್ರ ಒಂದು ಉಬ್ಬು. ಬ್ಲೇಡು ತಗೊಂಡು ಬಿಚ್ಚಿದೆ. ಒಳಗೆ ದಾರ ಇಲ್ಲ, ಅಂಟು ಇಲ್ಲ. ಪಂಪಿನ ಮೋಟಾರು ವೈಂಡಿಂಗ್ ಮಾಡೋ ತಂತಿಗಿಂತ ಸಪೂರದ ತಾಮ್ರದ ತಂತಿ, ಮತ್ತೆ ನಾಲ್ಕು ಎಳೆ ಹಕ್ಕಿ ಪುಕ್ಕ. ಅಷ್ಟೇ. ಆ ತಂತಿಯೇ ದಾರದ ಕೆಲಸ ಮಾಡಿತ್ತು, ಅದೇ ತೂಕವೂ ಆಗಿತ್ತು.

ಫೋಟೋ ತೆಗೆದು ಬೆಂಗಳೂರಲ್ಲಿರೋ ಮಗಳಿಗೆ ಕಳಿಸಿದೆ. ಸಂಜೆಗೆ ಫೋನ್ ಮಾಡಿದಳು. "ಅಪ್ಪಾ, ಅದಕ್ಕೆ ಫೆಸೆಂಟ್ ಟೇಲ್ ನಿಂಫ್ ಅಂತಾರೆ. ಅದನ್ನ ಕಟ್ಟಿದ್ದು ಇಂಗ್ಲೆಂಡಿನ ಒಬ್ಬ ಹೊಳೆ ಕಾವಲುಗಾರ. ನೀನು ಬಿಚ್ಚಿ ಹಾಳು ಮಾಡಿದ್ಯಾ?" ಅಂದಳು. ಹೊಳೆ ಕಾವಲುಗಾರ ಅಂದ ಕೂಡಲೇ ನನಗೆ ಕುತೂಹಲ ಹೆಚ್ಚಾಯ್ತು. ಆಮೇಲೆ ಒಂದೆರಡು ತಿಂಗಳು ರಾತ್ರಿ ಊಟ ಆದ ಮೇಲೆ ಅವಳು ಫೋನಲ್ಲಿ ಓದಿ ಹೇಳೋದು, ನಾನು ಬರ್ಕೊಳ್ಳೋದು. ಅದರ ಸಾರ ಇಲ್ಲಿದೆ.

ಮೊದಲು ನಿಂಫ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಕೃಷಿ ಇಲಾಖೆ ಕರಪತ್ರದಲ್ಲಿ "ಅಪ್ಸರೆ ಹುಳು ಮತ್ತು ಪ್ರೌಢ ಕೀಟ ಎರಡೂ ರಸ ಹೀರುತ್ತವೆ" ಅಂತ ಇರುತ್ತಲ್ಲ, ಆ ಅಪ್ಸರೆಯೇ ನಿಂಫ್. ರೆಕ್ಕೆ ಬರೋಕೆ ಮುಂಚಿನ ಮರಿ. ಗದ್ದೆ ಜಿಗಿಹುಳದ ಮರಿ ಪೈರಿನ ಮೇಲಿರುತ್ತೆ. ಆದರೆ ಮೇಫ್ಲೈ ಅನ್ನೋ ಹುಳದ ಮರಿ ಹೊಳೆ ನೀರೊಳಗೆ, ಕಲ್ಲಿನ ಅಡಿಯಲ್ಲಿ, ಪಾಚಿಯಲ್ಲಿ ಬೆಳೆಯುತ್ತೆ. ಮೊದಲ ಮಳೆಗೆ ದೀಪಕ್ಕೆ ಮುತ್ತೋ ಈಸುಳ್ಳಿ ಅಲ್ಲ ಇದು. ಈಸುಳ್ಳಿ ಗೆದ್ದಲಿನ ಜಾತಿ, ಮಣ್ಣಿಂದ ಏಳುತ್ತೆ. ಇದು ನೀರಿಂದ ಏಳೋದು. ತಿಂಗಳುಗಟ್ಟಲೆ ನೀರೊಳಗೆ ಬದುಕಿ, ಒಂದು ದಿನ ಮೇಲಕ್ಕೆ ಈಜಿ ಬಂದು, ಚರ್ಮ ಒಡೆದು ರೆಕ್ಕೆ ಬಿಚ್ಚಿ ಹಾರುತ್ತೆ. ಹಾರಿದ ಮೇಲೆ ಊಟ ಇಲ್ಲ, ತಿನ್ನೋಕೆ ಸರಿಯಾದ ಬಾಯೇ ಇಲ್ಲ. ಕೂಡಿ, ಮೊಟ್ಟೆ ಇಟ್ಟು, ಒಂದೆರಡು ದಿನದಲ್ಲಿ ಸಾಯುತ್ತೆ. ಅಂದ್ರೆ ಮೀನಿಗೆ ವರ್ಷವಿಡೀ ಸಿಗೋದು ನೀರೊಳಗಿನ ಮರಿ. ರೆಕ್ಕೆಯ ಹುಳ ಸಿಗೋದು ಹಬ್ಬದೂಟದ ಹಾಗೆ, ಯಾವತ್ತೋ ಒಮ್ಮೆ.

ಹುಳದ ಆಕಾರ ಕಟ್ಟಿ ಮೀನನ್ನ ಏಮಾರಿಸೋದು ಬಹಳ ಹಳೇ ವಿದ್ಯೆ. ಹತ್ತಿರ ಹತ್ತಿರ 1,800 ವರ್ಷದ ಹಿಂದೆ ರೋಮಿನ ಈಲಿಯನ್ ಅನ್ನೋನು ಬರೆದಿಟ್ಟಿದ್ದಾನೆ. ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಲ್ಲದ ಕೆಳಗಿನ ಎರಡು ಪುಕ್ಕ ಕಟ್ಟಿ ಹೊಳೆಗೆ ಬಿಡ್ತಿದ್ರಂತೆ. ಅಲ್ಲಿಂದ 19ನೇ ಶತಮಾನದವರೆಗೆ ಪುಕ್ಕ, ಉಣ್ಣೆ, ರೇಷ್ಮೆ ದಾರ ಇವೇ ಸಾಮಾನು.

ನಮ್ಮ ಕಾಡಿಗೂ ಇದರಲ್ಲಿ ಒಂದು ಪಾಲಿದೆ. ನಮ್ಮ ತೋಟದಂಚಲ್ಲಿ ಬೆಳಿಗ್ಗೆ ಕೂಗೋ ಕಾಡುಕೋಳಿ ಹುಂಜದ ಕತ್ತಿನ ಪುಕ್ಕ ನೋಡಿದೀರಲ್ಲ, ತುದೀಲಿ ಮೇಣ ಹಚ್ಚಿದ ಹಾಗೆ ಹೊಳೆಯೋ ಹಳದಿ ಬಿಳಿ ಚುಕ್ಕೆ. ವಿಕ್ಟೋರಿಯಾ ರಾಣಿ ಕಾಲದಲ್ಲಿ ಸಾಲ್ಮನ್ ಮೀನಿಗೆ ಕಟ್ಟೋ ಶೋಕಿಯ ಗಾಳಕ್ಕೆ ಆ ಪುಕ್ಕ ಬೇಕೇ ಬೇಕಿತ್ತು. ಅದು ಹೋಗ್ತಿದ್ದುದು ಇಂಡಿಯಾದಿಂದ. ಹಕ್ಕಿ ಪುಕ್ಕದ ವ್ಯಾಪಾರ ಮಿತಿ ಮೀರಿ 1902ರಲ್ಲಿ ಸರ್ಕಾರವೇ ರಫ್ತು ನಿಲ್ಲಿಸಬೇಕಾಯ್ತು. ಹೊಳೆಗೆ ಬಿಡೋ ಒಂದು ಗಾಳಕ್ಕೆ ಅಷ್ಟು ಅಲಂಕಾರ ಯಾಕೆ ಅಂದ್ರೆ, ಅದು ಮೀನಿಗಿಂತ ಹೆಚ್ಚಾಗಿ ಅಂಗಡಿಗೆ ಬಂದ ಮನುಷ್ಯನನ್ನ ಹಿಡಿಯೋಕೆ ಅಂತ ನನಗೆ ಅನ್ನಿಸ್ತು.

ಈಗ ಟ್ರೌಟ್ ಮೀನಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ದಕ್ಷಿಣಕ್ಕೆ ಸುಣ್ಣದ ಬಂಡೆಯ ನಾಡಿದೆ. ಮಳೆ ನೀರು ಅಲ್ಲಿ ಹರಿದು ಹೋಗಲ್ಲ, ಬಂಡೆಯೊಳಗೆ ಇಂಗಿ ನಿಧಾನಕ್ಕೆ ಒರತೆಯಾಗಿ ಬರುತ್ತೆ. ಟೆಸ್ಟ್, ಇಚೆನ್, ಏವನ್ ಅಂತ ಹೊಳೆಗಳು. ನೀರು ಕನ್ನಡಿ ಥರ. ತಳದ ಕಲ್ಲು, ಅದರ ಮೇಲೆ ನಿಂತ ಮೀನು ಎಲ್ಲ ದಡದಿಂದಲೇ ಕಾಣುತ್ತೆ. ಅಂಥ ಹೊಳೆ ಪ್ರಪಂಚದಲ್ಲಿ ಬಹುಪಾಲು ಇರೋದು ಇಂಗ್ಲೆಂಡಲ್ಲೇ.

ಅಲ್ಲಿ ಹಾಲ್ಫರ್ಡ್ ಅನ್ನೋ ಶ್ರೀಮಂತರು 1886ರಲ್ಲಿ ತೇಲೋ ಹುಳ ಕಟ್ಟೋದರ ಬಗ್ಗೆ ಒಂದು ಪುಸ್ತಕ ಬರೆದ್ರು. ಮೀನು ಮೇಲೆ ಬಂದು ರೆಕ್ಕೆ ಹುಳ ತಿಂದಾಗ ಮಾತ್ರ, ಅದೇ ಹುಳದ ತದ್ರೂಪವನ್ನ ನೀರಿನ ಮೇಲೆ ತೇಲಿಬಿಟ್ಟು ಹಿಡೀಬೇಕು ಅನ್ನೋದು ಅವರ ಪಂಥ. ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಆದರೆ ಹಿಂಬಾಲಕರು ಅದನ್ನ ಮಡಿ ಮಾಡಿಬಿಟ್ರು. ನೀರೊಳಗೆ ಮುಳುಗೋ ಹುಳ ಬಿಟ್ಟವನು ಮರ್ಯಾದಸ್ತನೇ ಅಲ್ಲ ಅನ್ನೋವರೆಗೆ ಹೋಯ್ತು.

ಈ ಮಡಿ ಮುರಿದವರು ಸ್ಕ್ಯೂಸ್ ಅಂತ ಒಬ್ಬ ವಕೀಲರು. 1883ರಿಂದ ಇಚೆನ್ ಹೊಳೇಲಿ ಮೀನು ಹಿಡೀತಿದ್ರು. ಅವರು ಮಾಡಿದ್ದು ಸರಳ ಕೆಲಸ. ಮೂಳೆಯ ಮಜ್ಜೆ ತೆಗೆಯೋ ಉದ್ದನೆ ಚಮಚದಿಂದ, ಹಿಡಿದ ಮೀನಿನ ಹೊಟ್ಟೇಲಿದ್ದುದನ್ನ ತೆಗೆದು ಬಿಳಿ ತಟ್ಟೆಯ ನೀರಿಗೆ ಹಾಕಿ ನೋಡಿದ್ರು. ರೆಕ್ಕೆ ಹುಳಕ್ಕಿಂತ ಮರಿಹುಳವೇ ಹೆಚ್ಚು. ಮೀನು ಮೇಲೆ ಬಂದು ಗುಳುಕ್ ಅಂದಾಗಲೂ ಎಷ್ಟೋ ಸಲ ತಿಂತಿದ್ದುದು, ಚರ್ಮ ಒಡೆಯೋಕೆ ಮೇಲೆ ಬಂದ ಮರಿಯನ್ನ. 1910ರಲ್ಲಿ 'ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್' ಅಂತ ಪುಸ್ತಕ ಬರೆದು ಇದನ್ನ ಹೇಳಿದ್ರು. ವಾದ ದಶಕಗಟ್ಟಲೆ ನಡೀತು. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇದಕ್ಕೇ ಅಂತ ಚರ್ಚೆ ಇಟ್ರು. ಸ್ಕ್ಯೂಸರಿಗೆ ಆಗ ಎಂಬತ್ತು ಹತ್ತಿರ. ಬೆಂಬಲ ಸಿಕ್ಕಿದ್ದು ಕಡಿಮೆ. ಅದೇ ವರ್ಷ ಐವತ್ತು ವರ್ಷಕ್ಕೂ ಹೆಚ್ಚು ಮೀನು ಹಿಡಿದ ಆ ಹೊಳೆ ಬಿಟ್ಟು ಹೋದ್ರು. ಮಾರನೇ ವರ್ಷ ನಿಂಫ್ ಮೇಲೇ ಇನ್ನೊಂದು ಪುಸ್ತಕ ಬರೆದ್ರು, ಸುಮ್ಮನೆ ಕೂರಲಿಲ್ಲ.

ಆದರೆ ಸ್ಕ್ಯೂಸರ ಹುಳಕ್ಕೆ ತೂಕ ಇರಲಿಲ್ಲ. ನೀರಿನ ಚರ್ಮದ ಕೆಳಗೆ ಒಂದೆರಡು ಬೆರಳು ಮುಳುಗುತ್ತಿತ್ತು ಅಷ್ಟೇ. ಹೊಳೇಲಿ ಬಲೆ ಬಿಟ್ಟೋರಿಗೆ ಗೊತ್ತು, ಮೇಲಿನ ನೀರು ಓಡುತ್ತೆ, ತಳದ ನೀರು ನಡೆಯುತ್ತೆ. ಹಗುರದ ಗಾಳ ತಳ ಮುಟ್ಟೋಕೆ ಮುಂಚೆ ಮೀನನ್ನ ದಾಟಿ ಹೋಗಿರುತ್ತೆ. ತೂಕ ಬೇಕು, ಆದರೆ ಸೀಸದ ಗುಂಡು ಕಟ್ಟಿದ್ರೆ ಹುಳದ ಆಕಾರ ಕೆಡುತ್ತೆ. ಇದನ್ನ ಬಿಡಿಸಿದ್ದು ಪುಸ್ತಕದವರಲ್ಲ, ಹೊಳೇಲಿ ಕೂಲಿ ಮಾಡಿದ ಫ್ರಾಂಕ್ ಸಾಯರ್.

ಸಾಯರ್ ಹುಟ್ಟಿದ್ದು 1906ರಲ್ಲಿ, ವಿಲ್ಟ್‌ಷೈರ್ ಜಿಲ್ಲೇಲಿ, ಏವನ್ ಹೊಳೆ ಪಕ್ಕ. 1928ರಿಂದ ಸೇನೆಯ ಅಧಿಕಾರಿಗಳ ಮೀನುಗಾರಿಕೆ ಸಂಘಕ್ಕೆ ಹೊಳೆ ಕಾಯೋ ಕೆಲಸ. ನಾಲ್ಕಾರು ಮೈಲಿ ಹೊಳೆ, ಜೀವಮಾನವಿಡೀ ಅದೇ. ಕಾಯೋದು ಅಂದ್ರೆ ಬರೀ ಕಳ್ಳರನ್ನ ಓಡಿಸೋದಲ್ಲ. ನೀರಿಗಿಳಿದು ಉದ್ದ ಕುಡುಗೋಲಿಂದ ಜೊಂಡು ಕೊಯ್ಯಬೇಕು, ಕೆಸರು ತೆಗೀಬೇಕು, ದಡ ಕಟ್ಟಬೇಕು. ನಮ್ಮ ತೋಟದ ಕಪ್ಪಿನ ಕೆಲಸ ಇದ್ದ ಹಾಗೆ. ದಿನಾ ಸೊಂಟದವರೆಗೆ ನೀರಲ್ಲಿ ನಿಂತವನಿಗೆ ದಡದ ಮೇಲಿದ್ದೋರಿಗೆ ಕಾಣದ್ದು ಕಂಡಿತು. ಆಲಿವ್ ಅನ್ನೋ ಜಾತಿ ಮೇಫ್ಲೈ ಮರಿ ಈಜುವಾಗ ಕಾಲನ್ನ ಮೈಗೆ ಅಂಟಿಸಿಕೊಂಡಿರುತ್ತೆ, ಸಣ್ಣ ಮೀನಿನ ಹಾಗೆ ಚುಚ್ಚಿಕೊಂಡು ಹೋಗುತ್ತೆ. ಹಾಗಾದ್ರೆ ಗಾಳಕ್ಕೆ ಕಾಲಿನ ಥರ ಪುಕ್ಕ ಕಟ್ಟೋದು ಯಾಕೆ? ಕಿತ್ತು ಬಿಸಾಡಿದ. ಮರಿಗೆ ರೆಕ್ಕೆ ಬೆಳೆಯೋ ಜಾಗ ಉಬ್ಬಿರುತ್ತೆ. ಅಲ್ಲಿಗೆ ತಂತಿಯನ್ನೇ ನಾಲ್ಕು ಸುತ್ತು ಹೆಚ್ಚು ಹಾಕಿದ.

ಕಟ್ಟೋ ಕ್ರಮ ಹೇಳ್ತೀನಿ, ನಮ್ಮ ಮಕ್ಕಳಿಗೂ ಬರುತ್ತೆ. ಗಾಳದ ಮೇಲೆ ತಂತಿ ಸುತ್ತಿ ಎದೆಯ ಹತ್ರ ಉಬ್ಬು ಮಾಡಬೇಕು. ತಂತಿಯನ್ನ ಹಿಂದಕ್ಕೆ ತಂದು, ಫೆಸೆಂಟ್ ಹುಂಜದ ಬಾಲದ ಕಂದು ಪುಕ್ಕದ ನಾಲ್ಕು ಎಳೆ ತಗೊಂಡು ತುದಿ ಹೊರಗೆ ಉಳಿಯೋ ಹಾಗೆ ಕಟ್ಟಬೇಕು, ಅದೇ ಬಾಲ. ಉಳಿದ ಎಳೆ ಮತ್ತು ತಂತಿಯನ್ನ ಒಟ್ಟಿಗೆ ಹಗ್ಗ ಹೊಸೆದ ಹಾಗೆ ಹೊಸೆದು ಮುಂದಕ್ಕೆ ಸುತ್ತಬೇಕು. ಹೊಸೆದಿದ್ದರಿಂದ ಮೀನಿನ ಹಲ್ಲಿಗೆ ಬೇಗ ಹರಿಯಲ್ಲ. ಎದೆಯ ಮೇಲೆ ಎಳೆಯನ್ನ ಹಿಂದೆ ಮುಂದೆ ಮಡಚಿ, ತಂತಿಯಲ್ಲೇ ಗಂಟು ಹಾಕಿದ್ರೆ ಮುಗೀತು. ತಂತಿ ಪುಕ್ಕದ ಮಧ್ಯೆ ಅಲ್ಲಲ್ಲಿ ಮಿಂಚುತ್ತೆ, ಅದೂ ಮರಿಹುಳದ ಮೈಯ ಹೊಳಪಿನ ಹಾಗೇ ಕಾಣುತ್ತೆ.

ಹಾಕೋ ರೀತೀಲೂ ಒಂದು ಗುಟ್ಟಿತ್ತು. ಮೀನು ನಿಂತ ಜಾಗಕ್ಕಿಂತ ಮೇಲೆ ನೀರಿಗೆ ಎಸೆದು, ಗಾಳ ಮುಳುಗಿ ಮೀನಿನ ಮುಖದ ಹತ್ರ ಬಂದಾಗ ಕೋಲಿನ ತುದಿಯನ್ನ ಮೆಲ್ಲಗೆ ಎತ್ತಬೇಕು. ಮರಿಹುಳ ರೆಕ್ಕೆ ಬಿಚ್ಚೋಕೆ ಮೇಲೇಳೋದೇ ಹೀಗೆ. ಸುಮ್ಮನೆ ನಿಂತಿದ್ದ ಮೀನೂ ತಪ್ಪಿಸ್ಕೊಳ್ಳುತ್ತೆ ಅಂತ ಬಾಯಿ ಹಾಕುತ್ತೆ.

ಈ ಕಾವಲುಗಾರನಿಗೆ ಬರೀ ಅಂತ ಹುರಿದುಂಬಿಸಿದವರು ಯಾರು ಗೊತ್ತಾ? ಸರ್ ಗ್ರಿಮ್‌ವುಡ್ ಮಿಯರ್ಸ್. 1919ರಿಂದ 1932ರವರೆಗೆ ನಮ್ಮ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ನಿವೃತ್ತಿ ಆದ ಮೇಲೆ ಸಾಯರ್ ಜೊತೆ ಹೊಳೆ ಹುಳ ನೋಡ್ತಾ ಸ್ನೇಹವಾಯ್ತು. ವಯಸ್ಸಾದ ಸ್ಕ್ಯೂಸರ ಜೊತೆಗೂ ಸಾಯರಿಗೆ ಪತ್ರ ವ್ಯವಹಾರ ಇತ್ತು. 1952ರಲ್ಲಿ 'ಕೀಪರ್ ಆಫ್ ದಿ ಸ್ಟ್ರೀಮ್', 1958ರಲ್ಲಿ 'ನಿಂಫ್ಸ್ ಅಂಡ್ ದಿ ಟ್ರೌಟ್' ಬಂತು. ಕುಡುಗೋಲು ಹಿಡಿದ ಕೈಯಿಂದ ಬಂದ ಪುಸ್ತಕವನ್ನ ಜಗತ್ತಿನ ಮೀನುಗಾರರು ಓದಿದ್ರು. 1980ರಲ್ಲಿ ಸಾಯರ್ ತೀರಿಕೊಂಡಿದ್ದೂ ಅದೇ ಏವನ್ ದಡದಲ್ಲಿ.

ಅದೇ ಊರಲ್ಲಿದ್ದ ಆಲಿವರ್ ಕೈಟ್ ಅನ್ನೋ ನಿವೃತ್ತ ಮೇಜರ್ ಇನ್ನೂ ಮುಂದೆ ಹೋದ್ರು. ಪುಕ್ಕವನ್ನೂ ಬಿಟ್ಟು, ಬರೀ ಗಾಳಕ್ಕೆ ತಾಮ್ರದ ತಂತಿಯ ಉಬ್ಬು ಮಾತ್ರ ಸುತ್ತಿ ಮೀನು ಹಿಡಿದು ತೋರಿಸಿದ್ರು. ಆಳ ಸರಿ ಇದ್ದು, ಏಳೋ ರೀತಿ ಸರಿ ಇದ್ರೆ ಮೀನಿಗೆ ಉಳಿದ ಅಲಂಕಾರ ಬೇಡ ಅಂತಾಯ್ತು. ಕಾಡುಕೋಳಿ ಪುಕ್ಕದ ಕಾಲ ಎಲ್ಲಿ, ಇದೆಲ್ಲಿ!

ಆಮೇಲಿನದು ತೂಕದ ಓಟ. 1980ರ ದಶಕದಲ್ಲಿ ಪೋಲೆಂಡ್ ಮತ್ತು ಚೆಕ್ ದೇಶದವರು ರಭಸದ ಹೊಳೆಗೆ ಮೈಗೆಲ್ಲ ಸೀಸದ ತಂತಿ ಸುತ್ತಿದ ನಿಂಫ್ ಕಟ್ಟಿ, ಗಿಡ್ಡ ದಾರದಲ್ಲಿ, ಕಾಲಬುಡದಲ್ಲೇ ತಳ ತಡವಿ ಮೀನು ತೆಗೆದು ಸ್ಪರ್ಧೆ ಗೆದ್ರು. ಆಮೇಲೆ ತಲೆಗೆ ಹಿತ್ತಾಳೆ ಮಣಿ ಬಂತು, ಈಗ ಟಂಗ್‌ಸ್ಟನ್ ಮಣಿ. ಒಂದೇ ಗಾತ್ರದ ನೀರಿಗೆ ಹೋಲಿಸಿದ್ರೆ ಹಿತ್ತಾಳೆ ಸುಮಾರು ಎಂಟೂವರೆ ಪಟ್ಟು ಭಾರ, ತಾಮ್ರ ಒಂಬತ್ತು, ಸೀಸ ಹನ್ನೊಂದು, ಟಂಗ್‌ಸ್ಟನ್ ಹತ್ತೊಂಬತ್ತು. ಪ್ರತಿ ಸಲ ಗಾಳ ಒಂದು ಗೇಣು ಕೆಳಗೆ ಇಳಿದಾಗಲೂ ದಡದ ಮೇಲೆ ಯಾರೋ "ಇದು ಮೀನುಗಾರಿಕೆಯೇ ಅಲ್ಲ" ಅಂತ ಕೂಗಿದ್ರು. ಹಾಲ್ಫರ್ಡ್ ಕಡೆಯವರು ಸ್ಕ್ಯೂಸರಿಗೆ ಅಂದಿದ್ದೇ ಮಾತು.

ಸೀಸದ ಕಥೆ ಮಾತ್ರ ಬೇರೆ. ಮೀನುಗಾರರು ದಾರಕ್ಕೆ ಕಟ್ಟೋ ಸೀಸದ ಗುಂಡು ಉದುರಿ ಹೊಳೆ ತಳ ಸೇರ್ತಿತ್ತು. ಹಂಸಗಳು ಮರಳು ಕಲ್ಲು ಅಂತ ಅದನ್ನೂ ನುಂಗಿ, ವಿಷ ಏರಿ ಸಾಯ್ತಿದ್ದವು. ಕೊನೆಗೆ 1987ರಿಂದ ಇಂಗ್ಲೆಂಡಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡು ಮಾರೋದೇ ನಿಷೇಧ ಆಯ್ತು. ನಮ್ಮ ಬೀಸುಬಲೆಯ ಅಂಚಿನ ಮಣಿ ಯಾವುದರದ್ದು ಅಂತ ನಿಮಗೆ ಗೊತ್ತೇ ಇದೆ.

ಈಗ ನಮ್ಮ ಹಳ್ಳದ ಮಾತು.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ತಲೇಲಿ ಉಳಿದಿದ್ದು ಒಂದೇ. ಸ್ಕ್ಯೂಸ್, ಸಾಯರ್ ಇಬ್ಬರೂ ಗೆದ್ದಿದ್ದು ಗಾಳ ಕಟ್ಟೋ ಕೈಯಿಂದಲ್ಲ. ನೀರೊಳಗೆ ಏನಿದೆ ಅಂತ ಬಗ್ಗಿ ನೋಡಿದ್ದರಿಂದ. ಇವತ್ತೂ ಅಲ್ಲಿನ ಮೀನುಗಾರರು ರಿವರ್‌ಫ್ಲೈ ಪಾರ್ಟ್‌ನರ್‌ಶಿಪ್ ಅಂತ ಮಾಡ್ಕೊಂಡು, ಮೂರು ನಿಮಿಷ ಹೊಳೆ ತಳ ಕಾಲಿಂದ ಕೆದಕಿ ಬಲೆ ಹಿಡಿದು, ಎಂಟು ಗುಂಪಿನ ಹುಳ ಎಣಿಸಿ ಬರೆದಿಡ್ತಾರೆ. ಎಣಿಕೆ ದಿಢೀರ್ ಬಿದ್ರೆ ಮೇಲೆ ಯಾರೋ ಹೊಳೆಗೆ ಏನೋ ಬಿಟ್ಟಿದ್ದಾರೆ ಅಂತ ಅರ್ಥ. ಹುಳ ಸುಳ್ಳು ಹೇಳಲ್ಲ.

ನಾನು ಐವತ್ತು ದಾಟಿದೋನು, ಈ ಹಳ್ಳದಲ್ಲೇ ಈಜು ಕಲಿತೋನು. ಒಂದು ದಿನಾನೂ ಕಲ್ಲು ಮಗುಚಿ ನೋಡಿರಲಿಲ್ಲ. ಈ ಸಲ ಮೊದಲ ಸುತ್ತು ಔಷಧಿ ಮುಗಿದ ವಾರಕ್ಕೆ, ನೀರು ಇನ್ನೂ ಮೊಣಕಾಲು ಮಟ್ಟ ಇದ್ದಾಗ ಇಳಿದೆ. ನಮ್ಮ ತೋಟಕ್ಕಿಂತ ಮೇಲೆ ಹತ್ತು ಕಲ್ಲು ಮಗುಚಿದೆ. ಎಂಟರಲ್ಲಿ ಹುಳ ಇತ್ತು. ಚಪ್ಪಟೆ ಮೈ, ಹೊಟ್ಟೆಯ ಪಕ್ಕ ಅಲುಗೋ ಕಿವಿರು, ಬಾಲದಲ್ಲಿ ಮೂರು ಎಳೆ. ಅದೇ ಮೇಫ್ಲೈ ಮರಿ. ಇಂಗ್ಲೆಂಡಿನದ್ದು ಅಂತ ಓದಿದ್ದು ನನ್ನ ಅಂಗೈ ಮೇಲೆ ಓಡಾಡ್ತಿತ್ತು. ಆಮೇಲೆ ಕೆಳಗೆ ಬಂದೆ, ನಾವು ಔಷಧಿ ಡ್ರಮ್ಮು ತೊಳೆಯೋ ಜಾಗಕ್ಕೆ. ಅಲ್ಲಿ ಹತ್ತು ಕಲ್ಲು. ಒಂದರಲ್ಲಿ ಮಾತ್ರ ಎರಡು ಹುಳ.

ಒಂದು ದಿನದ ಎಣಿಕೆ, ಇದರ ಮೇಲೆ ದೊಡ್ಡ ತೀರ್ಪು ಕೊಡಲ್ಲ. ಆದರೆ ಲೆಕ್ಕ ನೀವೇ ಹಾಕಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಅಂದ್ರೆ 200 ಲೀಟರ್ ಡ್ರಮ್ಮಿಗೆ ಎರಡು ಕೆಜಿ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. ಅಂದ್ರೆ ಒಂದು ಡ್ರಮ್ಮಲ್ಲಿ ಅರ್ಧ ಕೆಜಿ ತಾಮ್ರ. ಗಾಳಕ್ಕೆ ಸುತ್ತಿದ ತಂತಿ ಗಟ್ಟಿ ತಾಮ್ರ, ಅದರಿಂದ ಹೊಳೆಗೆ ಏನೂ ಆಗಲ್ಲ. ಕರಗಿದ ತಾಮ್ರ ಮೀನಿಗೂ ನೀರಿನ ಹುಳಕ್ಕೂ ವಿಷ. ಅದರಲ್ಲೂ ಸಾಯರ್ ಹೊಳೆಯಂಥ ಸುಣ್ಣದ ಗಡಸು ನೀರಲ್ಲಿ ಅದರ ಪೆಟ್ಟು ಕಡಿಮೆ, ನಮ್ಮ ಮಲೆನಾಡಿನ ಮೆದು ನೀರಲ್ಲಿ ಹೆಚ್ಚು.

ಬೋರ್ಡೋ ಬೇಡ ಅಂತ ನಾನು ಹೇಳ್ತಿಲ್ಲ. ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದಾರಿ ತೋರಿಸಿದ್ದು 1910ರಲ್ಲಿ, ಸ್ಕ್ಯೂಸರ ಪುಸ್ತಕ ಬಂದ ವರ್ಷವೇ. ಅದಿಲ್ಲದಿದ್ರೆ ನಮ್ಮಪ್ಪನ ತೋಟವೇ ಉಳೀತಿರಲಿಲ್ಲ. ತಪ್ಪು ಔಷಧಿದಲ್ಲ, ತೊಳೆಯೋ ಜಾಗದ್ದು. ಇಪ್ಪತ್ತೈದು ವರ್ಷ ಡ್ರಮ್ಮು, ಪಂಪು, ಪೈಪು ಎಲ್ಲ ಹಳ್ಳದಲ್ಲೇ ತೊಳೆದೋನು ನಾನು. ಮುಂಗಾರಿಗೆ ಗದ್ದೆಗೆ ಹತ್ತುಮೀನು ಬರೋದು ಕಡಿಮೆ ಆಯ್ತು ಅಂತ ಜಗಲಿ ಮೇಲೆ ಕೂತು ಎಲ್ಲರನ್ನೂ ಬೈದೋನೂ ನಾನೇ.

ಈ ಸಲದಿಂದ ಮನೇಲಿ ಕ್ರಮ ಬದಲಾಗಿದೆ. ಆ ದಿನ ಎಷ್ಟು ಮರಕ್ಕೆ ಆಗುತ್ತೋ ಅಷ್ಟೇ ಕಲಸೋದು. ಡ್ರಮ್ಮನ್ನ ತೋಟದ ಒಳಗೇ, ಹಳ್ಳದಿಂದ ದೂರ, ಪೈಪ್ ನೀರಲ್ಲಿ ತೊಳೆಯೋದು. ತೊಳೆದ ನೀರನ್ನ ಮತ್ತೆ ಪಂಪಿಗೆ ಹಾಕಿ ಮರಕ್ಕೇ ಹೊಡೆಯೋದು. ಕಾಲು ಗಂಟೆ ಹೆಚ್ಚು ಹಿಡಿಯುತ್ತೆ, ಖರ್ಚು ಏನಿಲ್ಲ.

ನಮ್ಮ ಹಳ್ಳ ನನ್ನೊಬ್ಬನದ್ದಲ್ಲ, ಮೇಲೆ ಆರು ಮನೆ, ಕೆಳಗೆ ಹನ್ನೊಂದು ಮನೆ. ಎರಡನೇ ಸುತ್ತು ಔಷಧಿಗೆ ಮುಂಚೆ ನಿಮ್ಮ ನಿಮ್ಮ ಕಡವಿನಲ್ಲಿ ಹತ್ತು ಕಲ್ಲು ಮಗುಚಿ ನೋಡಿ. ಹುಳ ನೋಡಿದ ಮೇಲೆ ಕಲ್ಲನ್ನ ಇದ್ದ ಹಾಗೇ ವಾಪಸ್ ಇಡಿ. ಎಷ್ಟರಲ್ಲಿ ಹುಳ ಇತ್ತು ಅಂತ ಬರೆದು ಕಳಿಸಿ, ನಾನು ಪುಸ್ತಕದಲ್ಲಿ ಬರೆದಿಡ್ತೀನಿ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಎಣಿಸೋಣ.

ಬಿಚ್ಚಿದ ಗಾಳವನ್ನ ಮತ್ತೆ ಕಟ್ಟಿದೀನಿ. ಫೆಸೆಂಟ್ ಪುಕ್ಕ ಹರಿದುಹೋಗಿತ್ತು, ನಮ್ಮನೆ ಕೆಂಚು ಹುಂಜದ ಬಾಲದ ಎಳೆ ಹಾಕಿದೆ. ಟೋಪಿಯವರು ಮತ್ತೆ ಬಂದ್ರೆ ಕೊಡೋಕೆ ಕಿಟಕಿ ಸಂದಿಯಲ್ಲಿ ಚುಚ್ಚಿಟ್ಟಿದೀನಿ.